ಹೊಳವಾದರೂ ಹೊಳೆ ಬರುತ್ತದೆ: ಕರಾವಳಿಯ ಹೊಳೆಸಾಲಿನವರಿಗೆ ನೆರೆಯ ಮಾರ್ಗದರ್ಶಿ

2019ರ ನಾಗರಪಂಚಮಿ ಕಳೆದ ಮಾರನೇ ದಿನ. ಬೆಳಿಗ್ಗೆ ಒಂದು ತಾಸು ಮಳೆ ಬಿಟ್ಟು ಹೊಳವಾಗಿತ್ತು. ಅತ್ತಿಗೆ ಜಗುಲಿಯಲ್ಲಿ ಒದ್ದೆ ಬಟ್ಟೆ ಹರಡುತ್ತಿದ್ದರು, ನಾನು ಪೇಟೆಗೆ ಹೋಗಿಬರೋಣ ಎಂದು ಛತ್ರಿ ಹುಡುಕುತ್ತಿದ್ದೆ. ಆಗ ಗಂಗಾವಳಿ ಹೊಳೆ ತೋಟದ ಅಂಚಿನಲ್ಲಿದ್ದಳು. ನಾವು ಊಟಕ್ಕೆ ಕೂತಾಗ ಕೊಟ್ಟಿಗೆಗೆ ಬಂದಿದ್ದಳು. ದೀಪ ಹಚ್ಚುವ ಹೊತ್ತಿಗೆ ಒಲೆಕಟ್ಟೆ ಮುಳುಗಿ, ಅಕ್ಕಿ ಡಬ್ಬಿ ಅಡುಗೆಮನೆಯಿಂದ ನಡುಮನೆಗೆ ತೇಲಿಕೊಂಡು ಬಂದಿತ್ತು.

ನಮ್ಮದು ನೆರೆ ಕಾಣದ ಊರೇನಲ್ಲ. ವರ್ಷಕ್ಕೊಮ್ಮೆ ಹೊಳೆ ತೋಟಕ್ಕೆ ಬಂದು, ಒಂದಿಷ್ಟು ಮಣ್ಣು ಬಿಟ್ಟು, ಸಂಜೆಗೆ ತಿರುಗಿ ಹೋಗುತ್ತಿತ್ತು. ಅದನ್ನೇ ನೆರೆ ಎಂದುಕೊಂಡಿದ್ದೆವು. ನಮ್ಮ ಅಂಗಳದಲ್ಲಿ ಮಳೆ ನಿಂತರೆ ಹೊಳೆಯೂ ಇಳಿಯುತ್ತದೆ ಎಂದು ನಂಬಿದ್ದೇ ನಾವು ಮಾಡಿದ ತಪ್ಪು. ಆ ನೀರು ನಮ್ಮ ಮಳೆಯದ್ದಾಗಿರಲಿಲ್ಲ, ಘಟ್ಟದ ಮೇಲಿನದು. ಮೇಲಿಂದ ಹೊರಟು ನಮ್ಮ ಹೊಸ್ತಿಲಿಗೆ ಬರಲು ಅದಕ್ಕೆ ಕೆಲವು ಗಂಟೆ ಬೇಕು. ಕರಾವಳಿಯವರ ಕೈಯಲ್ಲಿರುವುದು ಆ ಕೆಲವು ಗಂಟೆ ಮಾತ್ರ. ಅಷ್ಟರಲ್ಲಿ ಏನೇನು ಮಾಡಬೇಕು, ಅದಕ್ಕೂ ಮೊದಲು ಬೇಸಿಗೆಯಲ್ಲಿ ಏನು ಮಾಡಿಟ್ಟಿರಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಹೆಜ್ಜೆ 1: ನಿಮ್ಮನೆಗೆ ಬರುವ ನೀರು ಯಾವುದೆಂದು ತಿಳಿದುಕೊಳ್ಳಿ

ನಮ್ಮ ಉತ್ತರ ಕನ್ನಡ ಜಿಲ್ಲೆಯ ನಾಲ್ಕು ದೊಡ್ಡ ಹೊಳೆಗಳಲ್ಲಿ ಕಾಳಿ, ಶರಾವತಿಗೆ ಅಣೆಕಟ್ಟಿದೆ. ಗಂಗಾವಳಿ, ಅಘನಾಶಿನಿಗೆ ಇಲ್ಲ. ತಯಾರಿಯ ರೀತಿಯೂ ಅದಕ್ಕೆ ತಕ್ಕಂತೆ ಬೇರೆ.

ಕಾಳಿಯ ಕಟ್ಟಕಡೆಯ ಅಣೆಕಟ್ಟು ಕದ್ರಾ. ಅದರ ಗರಿಷ್ಠ ಮಟ್ಟ 34.5 ಮೀಟರ್. ಮೇಲೆ ಸೂಪಾ, ಬೊಮ್ಮನಹಳ್ಳಿ, ಕೊಡಸಳ್ಳಿ ಇದ್ದರೂ ಜೋಯಿಡಾ, ಯಲ್ಲಾಪುರದ ಕಾಡಿನಲ್ಲಿ ಸುರಿದದ್ದೆಲ್ಲ ಕೊನೆಗೆ ಕದ್ರಾಕ್ಕೆ ಬಂದು ಸೇರಬೇಕು. ಮಲ್ಲಾಪುರ, ಸಿದ್ದರ, ಕಿನ್ನರದ ಕಡೆಯವರಿಗೆ ಮಳೆಗಾಲದಲ್ಲಿ ಬರುವ ಸಂದೇಶದಲ್ಲಿ ಮೂರು ಅಂಕಿ ಇರುತ್ತವೆ: ಅಣೆಕಟ್ಟಿನ ಮಟ್ಟ, ಒಳಹರಿವು, ಹೊರಹರಿವು. ಹೆಚ್ಚಿನವರು ಮಟ್ಟವನ್ನು ನೋಡಿ ಫೋನ್ ಕೆಳಗಿಡುತ್ತಾರೆ. ನೀವು ನೋಡಬೇಕಾದ್ದು ಹೊರಹರಿವನ್ನು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಆ ಲೆಕ್ಕ ತಲೆಗೆ ಹೋಗದಿದ್ದರೂ ಚಿಂತೆಯಿಲ್ಲ, ಒಂದು ನೋಟ್‌ಬುಕ್ ಇಡಿ. ಇಂಥ ದಿನ ಇಷ್ಟು ಕ್ಯೂಸೆಕ್ ಬಿಟ್ಟರು, ನೀರು ನಮ್ಮ ದೇವಸ್ಥಾನದ ಎಷ್ಟನೇ ಮೆಟ್ಟಿಲಿಗೆ ಬಂತು, ಎಷ್ಟು ಹೊತ್ತಿಗೆ ಬಂತು ಎಂದು ಬರೆಯುತ್ತ ಹೋಗಿ. ಎರಡು ಮಳೆಗಾಲ ಕಳೆದರೆ ನಿಮ್ಮೂರಿಗೆ ಅದಕ್ಕಿಂತ ಒಳ್ಳೆಯ ನೆರೆ ನಕ್ಷೆ ಸಿಗಲಿಕ್ಕಿಲ್ಲ.

ಹೊನ್ನಾವರದವರು ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ಮೇಲೆ ಕಣ್ಣಿಡಬೇಕು. 1819 ಅಡಿ ಅದರ ಪೂರ್ಣ ಮಟ್ಟ. ದೊಡ್ಡ ಜಲಾಶಯವಾದ್ದರಿಂದ ನಿಧಾನಕ್ಕೆ ತುಂಬುತ್ತದೆ. ಜೂನ್, ಜುಲೈನ ಮಳೆಯನ್ನೆಲ್ಲ ನುಂಗಿಕೊಂಡು, ಮಳೆಗಾಲದ ಆರ್ಭಟ ಮುಗಿಯಿತು ಎನ್ನುವ ಹೊತ್ತಿಗೆ ಅದು ಬಾಗಿಲು ತೆಗೆಯಬಹುದು. ಗೇರುಸೊಪ್ಪೆಯ ಕೆಳಗಿನವರು ಮುನ್ನೆಚ್ಚರಿಕೆ ಪ್ರಕಟಣೆ ಬಂದ ದಿನವೇ ದೋಣಿ, ಪಂಪ್‌ಸೆಟ್, ದನ ಮೇಲೆ ತರಬೇಕು. ಪ್ರತಿ ವರ್ಷ ಇದನ್ನೇ ಹೇಳುತ್ತಾರೆ, ಆದರೆ ಬಾಗಿಲು ತೆರೆಯುವುದಿಲ್ಲ ಎಂಬ ಮಾತು ಊರಿನಲ್ಲಿ ಇದ್ದೇ ಇದೆ. ಒಂದು ವರ್ಷ ತೆರೆಯುತ್ತಾರೆ.

ಇನ್ನು ಗಂಗಾವಳಿ. ಧಾರವಾಡದ ಕಡೆ ಹುಟ್ಟಿ, ಕಲಘಟಗಿ, ಯಲ್ಲಾಪುರ ದಾಟಿ, ಮಾಗೋಡಿನಲ್ಲಿ ಧುಮುಕಿ ಸುಂಕಸಾಳಕ್ಕೆ ಇಳಿಯುತ್ತಾಳೆ. ಅಘನಾಶಿನಿ ಶಿರಸಿಯ ನೀರು, ಉಂಚಳ್ಳಿಯಲ್ಲಿ ಬಿದ್ದು ಮಿರ್ಜಾನದ ಕಡೆ ಬರುತ್ತದೆ. ಹೊನ್ನಾವರದ ಗುಂಡಬಾಳ, ಕತಗಾಲದ ಚಂಡಿಕಾ ಹೊಳೆಗಳೂ ಹಾಗೆಯೇ. ಇವಕ್ಕೆ ಗೇಟೂ ಇಲ್ಲ, ಸೈರನ್ನೂ ಇಲ್ಲ, ಬಿಡುತ್ತೇವೆ ಎಂದು ಹೇಳುವವರೂ ಇಲ್ಲ. ಈ ದಂಡೆಯವರು ತಮ್ಮ ಸೈರನ್ ತಾವೇ ಮಾಡಿಕೊಳ್ಳಬೇಕು. ಅದು ಎರಡನೇ ಹೆಜ್ಜೆ.

ಭಟ್ಕಳದ ಕಡೆಯವರಿಗೆ ಒಂದು ಮಾತು: ಈ ಗಂಟೆಗಳ ಲೆಕ್ಕವನ್ನು ನೀವು ನಂಬಬೇಡಿ. ನಿಮ್ಮಲ್ಲಿ ಘಟ್ಟ ಬೆನ್ನಿಗೇ ಇದೆ, ಹೊಳೆಗಳು ಗಿಡ್ಡ. 2022ರ ಆಗಸ್ಟ್ 2ರಂದು ಮಳೆ ಬಿದ್ದದ್ದೂ ಪೇಟೆ ಮುಳುಗಿದ್ದೂ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದದ್ದೂ ಹೆಚ್ಚುಕಡಿಮೆ ಒಂದೇ ರಾತ್ರಿಯ ಸಂಗತಿ. ನೀವು ಆಕಾಶವನ್ನೇ ನೋಡಬೇಕು.

ಹೆಜ್ಜೆ 2: ಮೇಲಿನೂರಿನ ಒಬ್ಬರ ನಂಬರ್

ಈ ಲೇಖನದಲ್ಲಿ ಒಂದನ್ನೇ ಪಾಲಿಸುತ್ತೇನೆ ಎನ್ನುವವರು ಇದನ್ನು ಪಾಲಿಸಿ. ನಿಮ್ಮ ಹೊಳೆಯ ಮೇಲ್ಭಾಗದಲ್ಲಿ, ಘಟ್ಟದ ಬುಡದಲ್ಲಿ ಒಬ್ಬರು, ಘಟ್ಟದ ಮೇಲೆ ಒಬ್ಬರು ಪರಿಚಯದವರು ಇರಬೇಕು. ನೆಂಟರಾದರೆ ಒಳ್ಳೆಯದು. ಇಲ್ಲದಿದ್ದರೆ ಸಂಕದ (ಸೇತುವೆಯ) ಪಕ್ಕದ ಅಂಗಡಿಯವರು, ಹಾಲಿನ ಡೇರಿಯವರು, ಬಸ್ಸಿನ ಕಂಡಕ್ಟರ್ ಯಾರಾದರೂ ಆದೀತು. ನಮಗೆ ಗುಳ್ಳಾಪುರದ ಕಡೆ ಒಬ್ಬ ಭಾವ ಸಿಕ್ಕಿದ್ದಾರೆ, ಯಲ್ಲಾಪುರದಲ್ಲಿ ಒಬ್ಬ ಸಹಪಾಠಿ.

ಅವರ ಹತ್ತಿರ “ಮಳೆ ಹೇಗಿದೆ” ಎಂದು ಕೇಳಬೇಡಿ. “ಅಬ್ಬಬ್ಬಾ, ಹೇಳಿ ಸುಖ ಇಲ್ಲ” ಎನ್ನುತ್ತಾರೆ, ಅದರಿಂದ ನಿಮಗೆ ಏನೂ ಗೊತ್ತಾಗುವುದಿಲ್ಲ. “ಭಾವ, ಸಂಕದ ಕೆಳಗೆ ಎಷ್ಟು ಖಾಲಿ ಇದೆ? ಬೆಳಿಗ್ಗೆಗಿಂತ ಏರಿದ್ದೋ ಇಳಿದದ್ದೋ? ನೀರಿನಲ್ಲಿ ಮರ ಬರ್ತಾ ಇದೆಯಾ?” ಎಂದು ಕೇಳಿ. ಬೇರು ಸಮೇತ ಮರ ಬರುತ್ತಿದ್ದರೆ ಮೇಲೆ ಗುಡ್ಡದ ಧರೆ ಕುಸಿಯುತ್ತಿದೆ ಎಂದೇ ತಿಳಿಯಿರಿ. 2021ರ ಜುಲೈನಲ್ಲಿ ಕಳಚೆಯಲ್ಲಿ ಗುಡ್ಡ ಜಾರಿ, ಗುಳ್ಳಾಪುರದ ಸೇತುವೆಯೇ ಕೊಚ್ಚಿ ಹೋಗಿತ್ತು. ಮೇಲೆ ಸೇತುವೆ ಹೋದ ಸುದ್ದಿ ಕೆಳಗಿನವರಿಗೆ ಮರುದಿನದ ಪತ್ರಿಕೆಯಲ್ಲಿ ಸಿಕ್ಕಿ ಪ್ರಯೋಜನವಿಲ್ಲ.

ಭಾವನ ಊರಿನಲ್ಲಿ ನೀರು ಏರಿದ ಹೊತ್ತು, ನಿಮ್ಮ ಮೆಟ್ಟಿಲಿಗೆ ತಾಗಿದ ಹೊತ್ತು ಎರಡನ್ನೂ ಅದೇ ನೋಟ್‌ಬುಕ್ಕಿನಲ್ಲಿ ಬರೆಯಿರಿ. ನಡುವಿನ ಅಂತರವೇ ನಿಮ್ಮ ಕಾಲಾವಕಾಶ. ಕರೆಂಟು ಹೋದ ಮೇಲೆ ಟವರ್ ಕೂಡ ಹೋಗುತ್ತದೆ, ಹಾಗಾಗಿ ಮಾತಾಡುವುದನ್ನೆಲ್ಲ ಹಗಲಲ್ಲೇ ಮುಗಿಸಿಕೊಳ್ಳಿ.

ಸರ್ಕಾರಿ ಮೂಲಗಳನ್ನು ಬಿಡಬೇಕೆಂದಲ್ಲ. ವರುಣಮಿತ್ರ ಸಹಾಯವಾಣಿಯ 92433 45433ಕ್ಕೆ ಫೋನ್ ಮಾಡಿದರೆ ನಿಮ್ಮ ಹೋಬಳಿಯ ಮಳೆ ಮುನ್ಸೂಚನೆ ಕನ್ನಡದಲ್ಲೇ ಸಿಗುತ್ತದೆ. ಜಿಲ್ಲಾ ನಿಯಂತ್ರಣ ಕೊಠಡಿ 1077, ತುರ್ತಿಗೆ 112. ಹವಾಮಾನ ಇಲಾಖೆಯ ಬಣ್ಣಗಳ ಸರಿಸುಮಾರು ಅರ್ಥ ಹೀಗಿದೆ: ಹಳದಿ ಎಂದರೆ 24 ಗಂಟೆಯಲ್ಲಿ 64.5 ಮಿಲಿಮೀಟರ್ ದಾಟುವ ಮಳೆ, ಕಿತ್ತಳೆ ಎಂದರೆ 115.6 ದಾಟುವುದು, ಕೆಂಪು ಎಂದರೆ 204.4ಕ್ಕೂ ಮೇಲೆ. ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ನೂರು ಚದರ ಮೀಟರಿನ ಹಂಚಿನ ಮಾಡಿನ ಮೇಲೆ ಕೆಂಪು ದಿನ 20 ಸಾವಿರ ಲೀಟರಿಗಿಂತ ಹೆಚ್ಚು ಬೀಳುತ್ತದೆ. ಆದರೆ ಬಣ್ಣ ಇಡೀ ಜಿಲ್ಲೆಗೆ ಒಂದೇ, ಹಳಿಯಾಳಕ್ಕೂ ಭಟ್ಕಳಕ್ಕೂ. ಅದೂ ಅಲ್ಲದೆ ನಮ್ಮಲ್ಲಿ ರೆಡ್ ಅಲರ್ಟ್ ಎಂದರೆ ಶಾಲೆಗೆ ರಜೆ ಎಂಬರ್ಥ ಬಂದುಬಿಟ್ಟಿದೆ. ಗಂಗಾವಳಿ ದಂಡೆಯವರು ಧಾರವಾಡ ಜಿಲ್ಲೆಯ ಬಣ್ಣವನ್ನೂ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಹೆಜ್ಜೆ 3: ಅಡಕೆ ದಬ್ಬೆಗೆ ಗೆರೆ

ನೀರು ಎಷ್ಟಿದೆ ಎನ್ನುವುದಕ್ಕಿಂತ ಎಷ್ಟು ಬೇಗ ಏರುತ್ತಿದೆ ಎನ್ನುವುದು ಮುಖ್ಯ. ಇದಕ್ಕೆ ಯಂತ್ರ ಬೇಡ. ಅಡಕೆ ಮರ ಸೀಳಿದ ಉದ್ದನೆಯ ದಬ್ಬೆಗೆ ಅರ್ಧ ಅಡಿಗೊಂದು ಕೆಂಪು ಬಣ್ಣದ ಗೆರೆ ಎಳೆದು, ಹೊಳೆಯ ಮೆಟ್ಟಿಲ ಹತ್ತಿರದ ಗಟ್ಟಿ ತೆಂಗಿನ ಮರಕ್ಕೆ ಕಟ್ಟಿ. ಇನ್ನೊಂದನ್ನು ಮನೆಯ ಅಂಗಳದಲ್ಲಿ ನಿಲ್ಲಿಸಿ, ಮೊದಲನೆಯದು ಮುಳುಗಿದ ಮೇಲೆ ಇದು ಬೇಕಾಗುತ್ತದೆ. ಗಂಟೆಗೊಮ್ಮೆ ಟಾರ್ಚ್ ಬಿಟ್ಟು ನೋಡಿ ಬರೆಯುವ ಕೆಲಸವನ್ನು ಮನೆಯ ಹುಡುಗರಿಗೆ ಕೊಡಿ, ಜಗುಲಿಯಿಂದಲೇ ನೋಡಬೇಕು ಎಂಬ ಷರತ್ತಿನ ಮೇಲೆ. ಗಂಟೆಗೆ ಅರ್ಧ ಅಡಿ ಏರುತ್ತಿದ್ದು, ಅಂಗಳಕ್ಕೆ ಇನ್ನು ಎರಡು ಅಡಿ ಬಾಕಿ ಇದ್ದರೆ ನಾಲ್ಕು ಗಂಟೆ ಇದೆ ಎಂದಾಯಿತು. ಏರಿಕೆಯ ವೇಗವೇ ಹೆಚ್ಚುತ್ತಿದ್ದರೆ ಎರಡೇ ಗಂಟೆ ಎಂದುಕೊಳ್ಳಿ.

ಇದರ ಜೊತೆಗೆ ಸಮುದ್ರದ ಲೆಕ್ಕವೂ ಇದೆ. ಉಬ್ಬರದ ಹೊತ್ತಿಗೆ ಹೊಳೆಬಾಯಿ ಮುಚ್ಚಿದ ಹಾಗೆಯೇ, ಮೇಲಿಂದ ಬಂದ ನೀರಿಗೆ ಹೋಗಲು ದಾರಿ ಇರುವುದಿಲ್ಲ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಜೋರು. 2021ರ ಜುಲೈ 23ರ ನೆರೆ ಬಂದದ್ದು ಗುರುಪೂರ್ಣಿಮೆಯ ಮುನ್ನಾದಿನ. ಉಬ್ಬರ ದಿನಕ್ಕೆ ಎರಡು ಸಲ, ಪ್ರತಿ ದಿನ ಸುಮಾರು ಮುಕ್ಕಾಲು ಗಂಟೆ ತಡವಾಗಿ. ನಿಮ್ಮ ಕೇರಿಯ ಅಂಬಿಗರನ್ನೋ ಖಾರ್ವಿಗಳನ್ನೋ ಕೇಳಿ, ಇವತ್ತಿನ ಹೊತ್ತನ್ನು ಗಡಿಯಾರ ನೋಡದೆ ಹೇಳುತ್ತಾರೆ. ಏರುತ್ತಿರುವ ಹೊಳೆ, ಬರಲಿರುವ ಉಬ್ಬರ, ಹುಣ್ಣಿಮೆ, ಈ ಮೂರೂ ಸೇರಿದ ದಿನ ಕಾಯುತ್ತ ಕೂರಬೇಡಿ, ಹೊರಡಿ. ಗಜನಿಯ (ಉಪ್ಪುನೀರು ಬಂದುಹೋಗುವ ತಗ್ಗು ಗದ್ದೆಯ) ಅಂಚಿನಲ್ಲಿ ಮನೆ ಇರುವವರು ಜಂತ್ರಡಿ (ಗಜನಿಯ ನೀರಿನ ತೂಬು) ಬಾಗಿಲು ಯಾರು ಎತ್ತುತ್ತಾರೆ, ಯಾವಾಗ ಎತ್ತುತ್ತಾರೆ ಎಂಬುದನ್ನೂ ಮೊದಲೇ ಮಾತಾಡಿಕೊಂಡಿರಬೇಕು. ಅದರ ಮೇಲೆ ಜಗಳವಾಗುವುದು ನೀರು ಬಂದ ರಾತ್ರಿಯೇ.

ಹೆಜ್ಜೆ 4: ಶಾಲೆಯ ಬೀಗದ ಕೈ

ಇದು ಮೇ ತಿಂಗಳಲ್ಲಿ ಊರಿನವರು ಸೇರಿ ಮಾಡಬೇಕಾದ ಕೆಲಸ. ಒಂದು ಸಂಜೆ ಸಾಕು.

ನೆರೆ ಬಂದಾಗ ಹೋಗಿ ಉಳಿಯುವ ಕಾಳಜಿ ಕೇಂದ್ರ ಯಾವ ಕಟ್ಟಡದಲ್ಲಿ ಎಂದು ಪಂಚಾಯ್ತಿಯಲ್ಲಿ ಕೇಳಿ, ಹೋಗಿ ನೋಡಿ ಬನ್ನಿ. ಹೆಚ್ಚಾಗಿ ಶಾಲೆ ಇರುತ್ತದೆ. ಆ ಶಾಲೆಗೇ ಹಿಂದೆ ನೀರು ಬಂದಿತ್ತಾ? ಅಲ್ಲಿಗೆ ಹೋಗುವ ದಾರಿಯಲ್ಲಿ ಮೊದಲು ಮುಳುಗುವ ಮೋರಿ ಯಾವುದು? ಹೆದ್ದಾರಿ ಅಗಲ ಮಾಡಿದ ಮೇಲೆ ಎಷ್ಟೋ ಕಡೆ ರಸ್ತೆಯೇ ಕಟ್ಟೆಯಂತಾಗಿದೆ, ಹಳೆಯ ಹಳ್ಳದ ನೀರು ರಸ್ತೆಯ ಈಚೆಗೇ ನಿಲ್ಲುತ್ತದೆ. ನಿಮ್ಮ ಹಳೆಯ ದಾರಿ ಈಗ ದಾರಿಯಾಗಿ ಉಳಿದಿದೆಯೇ ಎಂದು ಒಂದು ದೊಡ್ಡ ಮಳೆಯ ದಿನ ನೋಡಿಕೊಳ್ಳಿ. ಪಾಯಿಖಾನೆ ಎಷ್ಟು, ಬಾವಿ ಎಲ್ಲಿ, ಹಿಟ್ಟಿನ ಗಿರಣಿಯವರ ಜನರೇಟರ್ ಕೊಡುತ್ತಾರಾ ಎಂಬುದೂ ಗೊತ್ತಿರಲಿ.

ಕೊನೆಗೆ ಬೀಗದ ಕೈ. 2019ರಲ್ಲಿ ನಾವು ಇಪ್ಪತ್ತೆರಡು ಜನ, ಎರಡು ಹಸುಗೂಸು, ಕಾಲು ಬಾರದ ಒಬ್ಬ ಅಜ್ಜಿಯನ್ನು ಹೊತ್ತುಕೊಂಡು ಆ ಕಟ್ಟಡ ಮುಟ್ಟಿದಾಗ ಬಾಗಿಲಿಗೆ ಬೀಗ. ಕೈ ಇದ್ದವರು ಹೊಳೆಯ ಆಚೆ ದಡದಲ್ಲಿದ್ದರು. ಮುಕ್ಕಾಲು ಗಂಟೆ ಮಳೆಯಲ್ಲಿ ನಿಂತು ಕೊನೆಗೆ ಒಬ್ಬ ಹುಡುಗ ಚಿರೆಕಲ್ಲಿನಿಂದ ಬೀಗ ಒಡೆದ. ಅದರ ಹಣ ಯಾರು ಕೊಡಬೇಕು ಎಂದು ಆಮೇಲೆ ಮೂರು ತಿಂಗಳು ಪತ್ರ ವ್ಯವಹಾರ ನಡೆಯಿತು! ಕೈ ಎರಡು ಇರಲಿ, ಎರಡೂ ಈಚೆ ದಡದಲ್ಲೇ ಇರಲಿ.

ಮನೆಮನೆಯ ಪಟ್ಟಿ ಮಾಡುವಾಗ ಹಾಸಿಗೆ ಹಿಡಿದವರು, ಬಸುರಿ ಬಾಣಂತಿಯರು, ಒಬ್ಬರೇ ಇರುವ ಮುದುಕರು, ಡಯಾಲಿಸಿಸ್‌ಗೆ ಹೋಗುವವರು ಇವರ ಹೆಸರಿನ ಮುಂದೆ ಅವರನ್ನು ಎತ್ತಿಕೊಂಡು ಬರುವ ಇಬ್ಬರು ಗಟ್ಟಿಗರ ಹೆಸರು ಬರೆಯಿರಿ. “ಎಲ್ಲರೂ ಇದ್ದೇವಲ್ಲ” ಎಂದು ಬಿಟ್ಟರೆ ಹೊತ್ತಿಗೆ ಯಾರೂ ಇರುವುದಿಲ್ಲ. ದೋಣಿ ಯಾರ ಹತ್ತಿರ ಇದೆ, ಮಳೆಗಾಲಕ್ಕೆ ಮಡಲು ಮುಚ್ಚಿ ಮೇಲಿಟ್ಟಿದ್ದಾರೋ ಎಂಬುದೂ ಪಟ್ಟಿಯಲ್ಲಿರಲಿ.

ಹೆಜ್ಜೆ 5: ಒಂದು ಚೀಲ, ಒಂದು ಡಬ್ಬ

ಪುನರ್ವಸು ಮಳೆ ಹಿಡಿಯುವ ಮೊದಲು ಇದು ತಯಾರಿರಲಿ. 2024ರ ಶಿರೂರಿನ ಗುಡ್ಡ ಕುಸಿತ ಪುನರ್ವಸುವಿನಲ್ಲಿ, 2021ರ ನೆರೆ ಪುಷ್ಯದಲ್ಲಿ, 2019ರದ್ದು ಆಶ್ಲೇಷೆಯಲ್ಲಿ. ಆಶ್ಲೇಷೆ ದಾಟುವ ತನಕ ಚೀಲ ಬಿಚ್ಚಬೇಡಿ.

ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಪಹಣಿ, ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್, ಮನೆ ತೆರಿಗೆ ರಸೀದಿ, ಮಕ್ಕಳ ಮಾರ್ಕ್ಸ್ ಕಾರ್ಡ್. ಎಲ್ಲದರ ಫೋಟೋ ತೆಗೆದು ಬೇರೆ ಊರಿನಲ್ಲಿರುವ ಮಗನಿಗೋ ಮಗಳಿಗೋ ಕಳಿಸಿಡಿ. ಚೀಲದಲ್ಲಿ ಹದಿನೈದು ದಿನದ ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ, ಕನ್ನಡಕ, ಒಣ ಬಟ್ಟೆ, ಟಾರ್ಚ್, ಪವರ್ ಬ್ಯಾಂಕ್, ಒಂದು ಸೀಟಿ, ಅವಲಕ್ಕಿ, ಬೆಲ್ಲ, ಓಆರ್‌ಎಸ್ ಪೊಟ್ಟಣ. ಇಷ್ಟು ಸಾಕು. ಚೀಲವನ್ನು ಒಂದೇ ಕೈಯಲ್ಲಿ ಎತ್ತಲಾಗಬೇಕು, ಇನ್ನೊಂದು ಕೈ ಹಗ್ಗ ಹಿಡಿಯಲಿಕ್ಕೆ ಬೇಕು. ಹಲ್ಲಿನ ಸೆಟ್ಟು ಮರೆತು ಬಂದು ಐದು ದಿನ ಗಂಜಿ ಕುಡಿದ ಮಾವನನ್ನು ನಾನು ನೋಡಿದ್ದೇನೆ.

ಹೆಜ್ಜೆ 6: ನೀರು ತೋಟ ದಾಟಿತು, ಈಗ?

ಮೊದಲು ದನ. ಇನ್ನೂ ನಡೆಸಿಕೊಂಡು ಹೋಗಲು ದಾರಿ ಇದ್ದರೆ ಎತ್ತರಕ್ಕೆ ಹೊಡೆಯಿರಿ. ದಾರಿ ಇಲ್ಲದಿದ್ದರೆ ಕೊರಳ ಹಗ್ಗ ಬಿಚ್ಚಿ, ಕೊಟ್ಟಿಗೆಯ ಬಾಗಿಲು ತೆಗೆದುಬಿಡಿ. ದನ ಈಜುತ್ತದೆ. ಕಟ್ಟಿದ ದನ ಮಾತ್ರ ಮುಳುಗುತ್ತದೆ. ನಮ್ಮ ಪಕ್ಕದ ಮನೆಯ ಗೌರಿ ಮೂರನೇ ದಿನ ತಾನಾಗೇ ತಿರುಗಿ ಬಂತು, ಕೊರಳಲ್ಲಿ ಯಾರದೋ ಬೇಲಿಯ ಬಳ್ಳಿ ಸುತ್ತಿಕೊಂಡು. ಕಟ್ಟಿದ ನಾಯಿಯನ್ನೂ ಬಿಚ್ಚಿ, ಕೋಳಿಗೂಡಿನ ಬಾಗಿಲೂ ತೆಗೆಯಿರಿ.

ಆಮೇಲೆ ಕರೆಂಟು. ನೀರು ಒಳಗೆ ಬರುವ ಮೊದಲೇ ಮೇನ್ ಸ್ವಿಚ್ ತೆಗೆಯಿರಿ. ನೀರಿನಲ್ಲಿ ನಿಂತುಕೊಂಡು ತೆಗೆಯಲು ಹೋಗಬೇಡಿ. ತಂತಿ ಬಿದ್ದದ್ದು ಕಂಡರೆ ಹೆಸ್ಕಾಂಗೆ 1912. ಗ್ಯಾಸಿನ ರೆಗ್ಯುಲೇಟರ್ ಬಿಚ್ಚಿ, ಸಿಲಿಂಡರ್ ತೇಲದ ಹಾಗೆ ಕಿಟಕಿಯ ಸರಳಿಗೆ ಕಟ್ಟಿ.

ಸಾಮಾನು ಎತ್ತುವುದು ಇವೆರಡೂ ಆದ ಮೇಲೆ. ಮೊದಲು ಅಕ್ಕಿ, ಬೀಜದ ಭತ್ತ, ಅಡಕೆ ಚೀಲ ಅಟ್ಟಕ್ಕೆ. ಪಂಪಿನ ಮೋಟಾರ್ ಇಬ್ಬರು ಎತ್ತುವಂಥದ್ದಾದರೆ ಅದೂ. ಗೊಬ್ಬರ, ತೋಟಕ್ಕೆ ಹೊಡೆಯುವ ಔಷಧಿ ನೀರಿಗೆ ಸೇರಬಾರದು, ಮೇಲಿಡಿ. ಫ್ರಿಜ್ಜನ್ನು ಮಂಚದ ಮೇಲೆ ಮಲಗಿಸಲು ಅರ್ಧ ಗಂಟೆ ಕಳೆಯಬೇಡಿ, ನಾನು ಕಳೆದೆ. ಅದು ಆ ಮಂಚದ ಸಮೇತ ತೇಲಿತು. ಪಾಯಿಖಾನೆಯ ಗುಂಡಿಗೆ, ಬಚ್ಚಲ ತೂತಿಗೆ ಮರಳು ತುಂಬಿದ ಚೀಲ ಒತ್ತಿ, ಗುಂಡಿಯ ನೀರು ಅಲ್ಲಿಂದಲೇ ಮೊದಲು ಉಕ್ಕಿ ಬರುತ್ತದೆ. ಕೊಡಪಾನ, ಹಂಡೆಗೆಲ್ಲ ಕುಡಿಯುವ ನೀರು ತುಂಬಿ ಅಟ್ಟಕ್ಕೇರಿಸಿ. ಸುತ್ತಲೂ ನೀರಿದ್ದು ಕುಡಿಯಲು ಇಲ್ಲದ ಸ್ಥಿತಿ ಬಲು ಕಷ್ಟ.

ಹೆಜ್ಜೆ 7: ಹೊರಡುವುದು

ಕತ್ತಲಾಗುವ ಮೊದಲು ಹೊರಡಿ. ರಾತ್ರಿ ನೋಡೋಣ ಎನ್ನುವವರನ್ನು ರಾತ್ರಿ ದೋಣಿಯಲ್ಲಿ ಕರೆತರಬೇಕಾಗುತ್ತದೆ, ಆಗ ಅಂಬಿಗನ ಜೀವವೂ ಪಣಕ್ಕೆ.

ಪ್ರತಿ ಕೇರಿಯಲ್ಲೂ ಬರುವುದಿಲ್ಲ ಎನ್ನುವ ಒಬ್ಬ ಅಜ್ಜ ಇರುತ್ತಾರೆ. “ನಾ ಕಾಣದ ನೆರೆಯಾ ಇದು? ನೀವು ನಡೀರಿ” ಎನ್ನುತ್ತಾರೆ. ಅವರ ಜೊತೆ ಅಣೆಕಟ್ಟು, ಕ್ಯೂಸೆಕ್ ಎಂದು ವಾದ ಮಾಡಬೇಡಿ. ನಮ್ಮಲ್ಲಿ ಕೆಲಸಕ್ಕೆ ಬಂದದ್ದು ಒಂದೇ ಮಾತು: “ಅಜ್ಜ, ನೀವು ಬರದಿದ್ದರೆ ಮೊಮ್ಮಗಳೂ ಇಲ್ಲೇ ಕೂರ್ತಾಳಂತೆ.” ಐದು ನಿಮಿಷದಲ್ಲಿ ಕೋಲು ಹಿಡಿದು ಅಂಗಳಕ್ಕೆ ಬಂದರು, ಬೈಯುತ್ತಲೇ.

ಹರಿಯುವ ನೀರು ಮೊಣಕಾಲಿನ ಮೇಲಿದ್ದರೆ ನಡೆದು ದಾಟಬೇಡಿ. ಎರಡು ಅಡಿ ಹರಿವ ನೀರು ಕಾರನ್ನೂ ಎತ್ತಿಕೊಂಡು ಹೋಗುತ್ತದೆ, ಬೈಕಿನ ಮಾತು ಬಿಡಿ. ನಿಂತ ನೀರಿನಲ್ಲಿ ನಡೆಯಲೇಬೇಕಾದರೆ ಕೋಲಿನಿಂದ ಮುಂದೆ ಕುಟ್ಟುತ್ತ, ಒಬ್ಬರ ಹಿಂದೆ ಒಬ್ಬರು ಒಂದೇ ಹಗ್ಗ ಹಿಡಿದು ನಡೆಯಿರಿ. ತೋಟದ ಕಾದಿಗೆ (ಬಸಿಗಾಲುವೆ), ತೆರೆದ ಬಾವಿ ಎಲ್ಲಿದೆ ಎಂದು ಗೊತ್ತಿರುವ ಮನೆಯವರೇ ಮುಂದೆ ಇರಲಿ. ದೋಣಿಯಲ್ಲಿ ನಿಲ್ಲಬೇಡಿ, ಒಂದೇ ಬದಿಗೆ ಕೂರಬೇಡಿ. ಎಷ್ಟು ಜನ ಎಂಬುದು ಅಂಬಿಗನ ಮಾತು, ಪುಢಾರಿಯ ಮಾತಲ್ಲ. ಲೈಫ್ ಜಾಕೆಟ್ ಇಲ್ಲದಿದ್ದರೆ ಮುಚ್ಚಳ ಬಿಗಿದ ಖಾಲಿ ಎಣ್ಣೆ ಕ್ಯಾನುಗಳನ್ನು ಹಗ್ಗದಲ್ಲಿ ಜೋಡಿಸಿ ಇಟ್ಟುಕೊಳ್ಳಿ, ಬಿದ್ದವರು ಅಪ್ಪಿ ಹಿಡಿಯಲು ಆದೀತು.

ನೀರಿಗೆ ಹೆದರಿ ಗುಡ್ಡದ ಬುಡಕ್ಕೆ ಓಡುವುದೂ ಅಪಾಯ. ಕಾರವಾರದ ಕಡವಾಡದ ಝರಿವಾಡದಲ್ಲಿ ಗುಡ್ಡ ಕುಸಿದದ್ದು 2009ರ ಅಕ್ಟೋಬರ್ 2ರಂದು, ಮಳೆಗಾಲ ಮುಗಿಯಿತು ಎಂದುಕೊಂಡಿದ್ದಾಗ. ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿಯ ಮೇಲೆ ಬಿದ್ದ ಗುಡ್ಡ ಗಂಗಾವಳಿಗೂ ಇಳಿದು, ಎದ್ದ ನೀರು ಆಚೆ ದಡದ ಉಳುವರೆಯ ಮನೆಗಳಿಗೆ ಬಡಿಯಿತು. ಹೊಳೆಯ ಆಚೆ ಇದ್ದವರಿಗೂ ಗುಡ್ಡದಿಂದ ಸಾವು ಬರಬಹುದು ಎಂದು ಅಲ್ಲಿಯ ತನಕ ನಮಗೆ ಯಾರಿಗೂ ಹೊಳೆದಿರಲಿಲ್ಲ. ಧರೆಯಲ್ಲಿ ಹೊಸ ಬಿರುಕು, ಮರ ಇದ್ದಕ್ಕಿದ್ದಂತೆ ವಾಲುವುದು, ಬಾವಿ ನೀರು ಕೆಂಪಾಗುವುದು, ಹರಿಯುತ್ತಿದ್ದ ಒರತೆ ತಟ್ಟನೆ ನಿಲ್ಲುವುದು ಅಥವಾ ಇಲ್ಲದ ಕಡೆ ಕೆಸರು ನೀರು ಚಿಮ್ಮುವುದು, ಇವುಗಳಲ್ಲಿ ಒಂದು ಕಂಡರೂ ಆ ಜಾಗ ಬಿಡಿ. ಲಂಬವಾಗಿ ಕಡಿದ ಗುಡ್ಡದ ಕೆಳಗೆ ಗಾಡಿ ನಿಲ್ಲಿಸಿ ಚಹಾ ಕುಡಿಯುವ ಅಭ್ಯಾಸವನ್ನೂ ಮಳೆಗಾಲದಲ್ಲಿ ಬಿಡಿ.

ಹೆಜ್ಜೆ 8: ತಿರುಗಿ ಬಂದಾಗ

ಹಗಲಲ್ಲೇ ಬನ್ನಿ. ಮಣ್ಣಿನ ಗೋಡೆ ನೀರಿನಲ್ಲಿರುವಾಗ ಮಾತ್ರವಲ್ಲ, ನೀರು ಇಳಿದ ಮೇಲೂ ಬೀಳುತ್ತದೆ. ಹೊರಗೆ ಒಂದು ಸುತ್ತು ಹಾಕಿ, ಬಿರುಕು, ಉಬ್ಬು ನೋಡಿ ಆಮೇಲೆ ಒಳಗೆ. ಕಿಟಕಿ ತೆಗೆಯಿರಿ, ಗ್ಯಾಸಿನ ವಾಸನೆ ಬಂದರೆ ಬೆಂಕಿ ಕಡ್ಡಿ ಗೀರದೆ ಹೊರಗೆ ಬಂದು 1906ಕ್ಕೆ ಹೇಳಿ. ಮೇನ್ ಸ್ವಿಚ್ ಹಾಕುವುದು ವಯರಿಂಗ್ ನೋಡುವವರು ಬಂದ ಮೇಲೆ.

ಹಾವು ಒಣ ಜಾಗ ಹುಡುಕಿಕೊಂಡು ಬಂದಿರುತ್ತದೆ: ಅಟ್ಟ, ಕಟ್ಟಿಗೆ ರಾಶಿ, ಮಡಚಿದ ಕಂಬಳಿ, ಶೂ. ಕೋಲಿನಿಂದ ಸರಿಸದೆ ಯಾವುದಕ್ಕೂ ಕೈ ಹಾಕಬೇಡಿ. ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ನಾಟಿ ಔಷಧಿಗೆ ಅಲೆಯುವುದು ಬೇಡ. ಆ ಅಂಗ ಅಲುಗಾಡದ ಹಾಗೆ ಇಟ್ಟು 108ಕ್ಕೆ ಫೋನ್ ಮಾಡಿ, ತಾಲೂಕು ಆಸ್ಪತ್ರೆಗೆ.

ಕೆಸರು ಒಣಗಿದರೆ ಸಿಮೆಂಟಿನ ಹಾಗೆ, ಹಸಿ ಇದ್ದಾಗಲೇ ಎಳೆಯಿರಿ. ಆದರೆ ಬರಿಗಾಲಲ್ಲಿ ಬೇಡ. ಆ ಕೆಸರಿನಲ್ಲಿ ಇಲಿ, ಹೆಗ್ಗಣದ ಮೂತ್ರ ಸೇರಿರುತ್ತದೆ, ಕಾಲಿನ ಸಣ್ಣ ಗಾಯವೇ ಇಲಿ ಜ್ವರಕ್ಕೆ ಬಾಗಿಲು. ಗಂಬೂಟು ಹಾಕಿ. ವಾರ ಹತ್ತು ದಿನದಲ್ಲಿ ಜ್ವರ, ಮೀನಖಂಡ ನೋವು, ಕಣ್ಣು ಕೆಂಪಾದರೆ ಆಸ್ಪತ್ರೆಯಲ್ಲಿ “ನೆರೆ ಕೆಸರಿನಲ್ಲಿ ಕೆಲಸ ಮಾಡಿದ್ದೆ” ಎಂದು ಮೊದಲ ಮಾತಿನಲ್ಲೇ ಹೇಳಿ. ಮುನ್ನೆಚ್ಚರಿಕೆಯ ಮಾತ್ರೆ ಬೇಕೋ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ, ಅಂಗಡಿಯಿಂದ ತಂದು ನುಂಗಬೇಡಿ.

ಬಾವಿಯ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಬ್ಲೀಚಿಂಗ್ ಪೌಡರನ್ನು ಮುಷ್ಟಿಗಟ್ಟಲೆ ಮೇಲಿಂದ ಎರಚಿ ಮುಗಿಸುವುದೇ ರೂಢಿಯಾಗಿದೆ. ಅದು ಪುಡಿಯಾಗಿಯೇ ತಳಕ್ಕಿಳಿದು ಕೂರುತ್ತದೆ, ನೀರಿಗೆ ಸರಿಯಾಗಿ ಬೆರೆಯುವುದಿಲ್ಲ. ಬಾವಿಯ ಅಗಲವನ್ನು ಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಬಂದದ್ದನ್ನು 785ರಿಂದ ಗುಣಿಸಿದರೆ ಎಷ್ಟು ಲೀಟರ್ ಎಂದು ಸಿಗುತ್ತದೆ. ಎರಡು ಮೀಟರ್ ಅಗಲದ ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ 9,420 ಲೀಟರ್. ನೆರೆ ನೀರು ಹೊಕ್ಕ ಬಾವಿಗೆ ಸಾವಿರ ಲೀಟರಿಗೆ 5 ಗ್ರಾಂ ಎಂದರೆ ಸುಮಾರು 47 ಗ್ರಾಂ. ಕಿರಾಣಿ ಅಂಗಡಿಯಲ್ಲಿ ತೂಗಿಸಿಕೊಳ್ಳಿ. ಬಕೆಟಿನಲ್ಲಿ ಸ್ವಲ್ಪ ನೀರು ಹಾಕಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಮತ್ತೆ ನೀರು ಹೊಯ್ದು ತಿರುಗಿಸಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಇನ್ನೊಂದು ಬಕೆಟಿಗೆ ಬಸಿದು, ಅದನ್ನು ಹಗ್ಗದಲ್ಲಿ ಬಾವಿಗಿಳಿಸಿ ಮೇಲೆ ಕೆಳಗೆ ಆಡಿಸಿ ಬೆರೆಸಿ. ಗಸಿ ಬಾವಿಗೆ ಬೀಳಬಾರದು. ಸಂಜೆ ಹಾಕಿ ಬೆಳಿಗ್ಗೆ ಬಳಸಿ. ಬೆಳಿಗ್ಗೆ ಕ್ಲೋರಿನ್ನಿನ ಸಣ್ಣ ವಾಸನೆಯೂ ಇಲ್ಲವೆಂದರೆ ಪುಡಿ ಹಳತು ಅಥವಾ ಕೊಳೆ ಹೆಚ್ಚು, ಮತ್ತೊಮ್ಮೆ ಹಾಕಿ. ಕುಡಿಯಲು ಹೇಗೂ ಕುದಿಸಿಯೇ ಕುಡಿಯಿರಿ. ಪಂಪ್ ಹಚ್ಚಿ ಬಾವಿಯನ್ನು ಒಮ್ಮೆಗೇ ಬರಿದು ಮಾಡಬೇಡಿ: ಸುತ್ತಲಿನ ನೆಲ ನೀರು ಕುಡಿದು ಭಾರವಾಗಿರುತ್ತದೆ, ಒಳಗಿನ ನೀರಿನ ಆಸರೆ ತಪ್ಪಿದರೆ ಬಾವಿಯೇ ಕುಸಿಯುತ್ತದೆ.

ಹೆಜ್ಜೆ 9: ಪರಿಹಾರದ ಕಾಗದ

ಗುಡಿಸುವ ಮೊದಲು ಫೋಟೋ ತೆಗೆಯಿರಿ. ನಮ್ಮ ಹೆಂಗಸರು ಅಧಿಕಾರಿ ಬರುತ್ತಾರೆಂದು ಮನೆ ತೊಳೆದು ರಂಗೋಲಿ ಹಾಕುವವರು. ಬಂದವರು ನೋಡಿ “ಇಲ್ಲಿ ಏನಾಗಿದೆ?” ಎಂದು ಕೇಳಿದ್ದೂ ಉಂಟು. ಗೋಡೆಯ ನೀರಿನ ಗೆರೆ, ಒದ್ದೆ ಹಾಸಿಗೆ, ಬಿದ್ದ ಗೋಡೆ, ಜೊತೆಗೆ ಮನೆಯ ನಂಬರ್ ಕಾಣುವ ಹಾಗೆ ಒಂದು. ಗ್ರಾಮ ಆಡಳಿತ ಅಧಿಕಾರಿ ಪಂಚನಾಮೆ ಮಾಡುವಾಗ ಮನೆಯವರೊಬ್ಬರು ಇರಲೇಬೇಕು, ಏನು ಬರೆದರು ಎಂದು ಓದಿಸಿಕೊಂಡೇ ಸಹಿ ಹಾಕಿ. ಮನೆ ಹಾನಿಗೆ ಎ, ಬಿ, ಸಿ ಎಂದು ವರ್ಗ ಇರುತ್ತದೆ, ನಿಮ್ಮದನ್ನು ಯಾವುದಕ್ಕೆ ಹಾಕಿದ್ದಾರೆ ಎಂದು ಅಲ್ಲೇ ಕೇಳಿ, ಒಪ್ಪಿಗೆಯಾಗದಿದ್ದರೆ ಆ ವಾರದಲ್ಲೇ ತಹಶೀಲ್ದಾರರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಬೆಳೆ ಪರಿಹಾರಕ್ಕೆ ಕನಿಷ್ಠ 33 ಪ್ರತಿಶತ ಹಾನಿ ಆಗಿರಬೇಕು. ಗದ್ದೆಯ ಮೇಲೆ 3 ಇಂಚಿಗಿಂತ ದಪ್ಪ ಮರಳು, ಹೂಳು ಕೂತಿದ್ದರೆ ಅದನ್ನು ತೆಗೆಯಲಿಕ್ಕೇ ಬೇರೆ ನೆರವು ಇದೆ, ಹೆಚ್ಚಿನವರಿಗೆ ಇದು ಗೊತ್ತಿಲ್ಲ. ಅಳತೆಪಟ್ಟಿ ಚುಚ್ಚಿ ಫೋಟೋ ತೆಗೆದುಕೊಳ್ಳಿ. ದನ ಸತ್ತಿದ್ದರೆ ಹೂಳುವ ಮೊದಲು ಪಶುವೈದ್ಯರನ್ನು ಕರೆಸಿ, ಅವರ ಪ್ರಮಾಣಪತ್ರ ಇಲ್ಲದೆ ಅರ್ಜಿ ನಡೆಯುವುದಿಲ್ಲ. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ಎಂದು ಬೇಸಿಗೆಯಲ್ಲೇ ನೋಡಿಟ್ಟುಕೊಳ್ಳಿ. ಪಹಣಿ ಸತ್ತ ಅಜ್ಜನ ಹೆಸರಿನಲ್ಲೇ ಇದ್ದರೆ ಪರಿಹಾರ ಅಲ್ಲಿಗೇ ನಿಲ್ಲುತ್ತದೆ. ನಮ್ಮ ಕೇರಿಯ ಎಂಟು ಮನೆಗಳಲ್ಲಿ ಮೂರಕ್ಕೆ ಹಾಗಾಯಿತು.

ಇನ್ನೊಂದು ಸಣ್ಣ ಕೆಲಸ ಬಾಕಿ ಇದೆ. ನೆರೆ ಇಳಿದು ಕೆಲವೇ ವಾರಕ್ಕೆ ಚೌತಿ ಬರುತ್ತದೆ, ಗಣಪನನ್ನು ಕೂರಿಸಲು ಎಲ್ಲರೂ ಗೋಡೆಗೆ ಸುಣ್ಣ ಹೊಡೆಯುತ್ತಾರೆ. 2019ರಲ್ಲಿ ನಾವೂ ಹೊಡೆದೆವು. 2021ರಲ್ಲಿ ನೀರು ಮತ್ತೆ ಜಗುಲಿ ಹತ್ತಿದಾಗ ಹಿಂದಿನ ಸಲ ಎಲ್ಲಿಯ ತನಕ ಬಂದಿತ್ತು ಎಂದು ಮನೆಯಲ್ಲೇ ಮೂವರು ಮೂರು ಎತ್ತರ ತೋರಿಸಿದರು. ಸುಣ್ಣದ ಬ್ರಷ್ ಎತ್ತುವ ಮೊದಲು ಮೊಳೆಯಿಂದ ಚಿರೆಕಲ್ಲಿನ ಮೇಲೆ ಆಳವಾಗಿ ಒಂದು ಗೆರೆ ಗೀರಿ, ಪಕ್ಕದಲ್ಲಿ ತಾರೀಕು ಬರೆಯಿರಿ.